ಯುಕಟಾನ್‌ಗೆ ಹೊರಟ ಪೂರ್ವಿಗೆ

ಚಿ. ಪೂರ್ವಿಗೆ ಹಾವೇರಿಯಿಂದ ದೊಡ್ಡತ್ತೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ರಜೆಗೆ ಊರಿಗೆ ಬರುವುದು ಬಿಟ್ಟು, ಆರು ವಾರ ಮೆಕ್ಸಿಕೋದ ಯುಕಟಾನ್‌ನಲ್ಲಿ ಮಾಯಾ ಜನರ ಮನೆಯಲ್ಲಿದ್ದು ಮಾನವಶಾಸ್ತ್ರದ ಕ್ಷೇತ್ರಕಾರ್ಯ ಕಲಿಯುತ್ತೀಯಂತೆ. ನಿಮ್ಮಪ್ಪನಿಗೆ ಸಿಟ್ಟು, ನನಗಿಲ್ಲ. ಆದರೆ ಫೋನಿನಲ್ಲಿ ‘ಮಾಯಾ ಜನ ಹೀಗೆ ಬದುಕುತ್ತಿದ್ದರು’ ಅಂದೆಯಲ್ಲ, ಆ ‘ದ್ದರು’ ಕಿವಿಗೆ ಚುಚ್ಚಿತು. ಹಳೆಯದಾಗಿರುವುದು ಚಿಚೆನ್ ಇಟ್ಜಾ ಎಂಬ ಅವರ ಹಾಳೂರಿನ ಕಲ್ಲು. ಅವರ ಭಾಷೆ ಯುಕಟೆಕ್ ಮಾಯಾ ಆಡುವವರು ಇವತ್ತಿಗೂ ಏಳು ಲಕ್ಷಕ್ಕೆ ಮೇಲಿದ್ದಾರೆ. ‘ಹೇಗಿದ್ದೀಯ’ ಅನ್ನಲು ಅವರು ‘ಬಿಶ್ ಆ ಬೇಲ್’ ಅನ್ನುತ್ತಾರೆ. ನಿನ್ನ ದಾರಿ ಹೇಗಿದೆ ಎಂದು. ಸ್ಪ್ಯಾನಿಷ್ ಇರಲಿ, ಇದನ್ನು ಮೊದಲು ಕಲಿ.

1991ರ ಜನಗಣತಿಗೆ ನನ್ನನ್ನೂ ಹಾಕಿದ್ದರು. ಒಬ್ಬಾಕೆ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಲ್ಲೇ ನಿಂತು, ‘ಕೆಲಸ ಏನು?’ ಅಂದೆ. ‘ಏನಿಲ್ರೀ ಅಕ್ಕಾರ, ಮನ್ಯಾಗ ಇರ್ತೇನಿ’ ಅಂದಳು. ಹಾಗೇ ಬರೆದುಕೊಂಡು ಮುಂದಿನ ಮನೆಗೆ ಹೋದೆ. ಎರಡು ದಿನದ ಮೇಲೆ ಅದೇ ಹೆಂಗಸು ಕುಡುಗೋಲು ಹಿಡಿದು ಜೋಳದ ಸಾಲಿನಲ್ಲಿ ಗಂಡಸರಿಗಿಂತ ಮುಂದಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ. ಕೂಲಿ ಸಿಗದ ದುಡಿಮೆಗೆ ಅವಳ ಮಾತಿನಲ್ಲಿ ‘ಕೆಲಸ’ ಅನ್ನುವ ಹೆಸರೇ ಇರಲಿಲ್ಲ.

ನೀನು ಹೋಗುವ ನಾಡಿನಲ್ಲೂ ಇಂಥದ್ದೇ ಆಗಿದೆ, ನನ್ನದಕ್ಕಿಂತ ನೂರು ಪಾಲು ದೊಡ್ಡದು. ದಿಯೇಗೊ ದೆ ಲಾಂಡಾ ಎಂಬ ಸ್ಪ್ಯಾನಿಷ್ ಪಾದ್ರಿ 1562ರಲ್ಲಿ ಮನಿ ಎಂಬ ಊರಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಆ ಕಾಲದ್ದು ಅಂತ ಇವತ್ತು ಉಳಿದಿರುವುದು ನಾಲ್ಕೇ ಪುಸ್ತಕ. ಅದೇ ಮಹಾನುಭಾವ, ನಿಮ್ಮ ಲಿಪಿ ಬರೆದು ತೋರಿಸಿ ಎಂದು ಸ್ಪ್ಯಾನಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿದ. ಸ್ಪ್ಯಾನಿಷ್‌ನಲ್ಲಿ ‘b’ ಅಕ್ಷರದ ಹೆಸರು ‘ಬೇ’. ಮಾಯಾ ಜನ ಅದನ್ನು ಕೇಳಿ, ‘ಬೇ’ ಎಂಬ ಉಚ್ಚಾರದ ಚಿಹ್ನೆಯನ್ನೇ ಬರೆದುಕೊಟ್ಟರು. ಇವನು ಅದನ್ನೇ ಅಕ್ಷರಮಾಲೆ ಅಂದುಕೊಂಡ. ಮಾಯಾ ಲಿಪಿಯಲ್ಲಿ ನಮ್ಮ ಕಾಗುಣಿತದ ಹಾಗೆ ವ್ಯಂಜನ, ಸ್ವರ ಕೂಡಿದ ಉಚ್ಚಾರಕ್ಕೊಂದು ಚಿಹ್ನೆ ಇದೆ ಎಂದು ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ತೋರಿಸುವ ಹೊತ್ತಿಗೆ 1952 ಆಗಿತ್ತು. ಉತ್ತರ ಕೊಟ್ಟವರದು ತಪ್ಪಿರಲಿಲ್ಲ ನೋಡು.

ಅದಕ್ಕೇ ಮೊದಲ ವಾರ ನೋಟ್‌ಬುಕ್ಕು ಚೀಲದಲ್ಲೇ ಇರಲಿ. ಅಡುಗೆಮನೆಯಲ್ಲಿ ಕೂತು ಕೈಗೆ ಕೆಲಸ ಕೇಳು. ಅವರು ಗೋವಿನಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ಸಿಪ್ಪೆ ಬೆರಳಿಗೆ ಜಾರಿ ಬರುತ್ತದೆ. ಆಮೇಲೆ ಗಿರಣಿಗೆ. ಸುಣ್ಣ ಯಾಕೆ ಅಂತ ಗೊತ್ತಾಗದೆ ಬರೀ ಕಾಳು ಒಯ್ದ ಯುರೋಪಿನಲ್ಲಿ ಅದನ್ನೇ ತಿಂದು ಬದುಕಿದ ಬಡವರಿಗೆ ಜೀವಸತ್ವದ ಕೊರತೆಯಿಂದ ಪೆಲಾಗ್ರಾ ರೋಗ ಬಂತು; ಸುಣ್ಣದಲ್ಲಿ ಬೇಯಿಸಿದರೆ ಆ ಜೀವಸತ್ವ ಮೈಗೆ ಹತ್ತುತ್ತದೆ. ತೊಳೆಯುವಾಗ ಜೊತೆಗೆ ಕೂತರೆ ನೀನು ಕೇಳದ್ದನ್ನೂ ಹೇಳಿಯಾರು. ಫೋಟೋ ಮಾತ್ರ ಕೇಳದೆ ತೆಗೆಯಬೇಡ.

ಪಾರ್ಸೆಲ್‌ನಲ್ಲಿ ಬ್ಯಾಡಗಿ ಖಾರದಪುಡಿ ಇಟ್ಟಿದ್ದೇನೆ. ಮೆಣಸಿನಕಾಯಿ ಅವರ ಕಡೆಯಿಂದಲೇ ನಮ್ಮಲ್ಲಿಗೆ ಬಂದದ್ದು. ಆ ಮನೆಯ ಅಜ್ಜಿಗೆ ಒಂದು ಚಿಟಿಕೆ ಕೊಟ್ಟು, ಏನಂದರು ಅಂತ ನನಗೆ ಬರೆ.

ನಿನ್ನ ದೊಡ್ಡತ್ತೆ