ಕಾರ್‌ಸ್ಟ್ರೀಟ್ ಹತ್ತಿರದ ಆಚಾರಿಯವರಿಗೆ ಥ್ಯಾಂಕ್ಸ್

ಬಾಸ್ ಗಿಟಾರ್‌ನ ನೆಕ್ ಮೇಲೆ, ಅಂದರೆ ಉದ್ದ ಹಿಡಿಯ ಮೇಲೆ, ಅಡ್ಡಲಾಗಿ ಕೂರಿಸಿದ್ದ ಲೋಹದ ಫ್ರೆಟ್ ಪಟ್ಟಿಗಳನ್ನೆಲ್ಲ ಕಿತ್ತಾಗಿತ್ತು. ಉಳಿದ ಸೀಳುಗಳ ಅಗಲ ಅರ್ಧ ಮಿಲಿಮೀಟರ್ ಆಸುಪಾಸು. ತುಂಬದೆ ತಂತಿ ಬಿಗಿದರೆ ನೆಕ್ ಬಾಗುವ ಭಯ. ಶನಿವಾರ ರಿಸೆಪ್ಶನ್‌ನಲ್ಲಿ ನುಡಿಸಬೇಕು. ಸೀಳು ತುಂಬಲು ವಿನಿಯರ್ (ತೆಳು ಮರದ ಹಾಳೆ) ಕೇಳಿದರೆ ಅಂಗಡಿಯವರು "ಪೂರ್ತಿ ಶೀಟ್ ತಗೊಳ್ಳಿ" ಅಂದರು.

ಮಂಗಳೂರು ಕಾರ್‌ಸ್ಟ್ರೀಟ್ ಹತ್ತಿರ ಬಾಗಿಲು ರಿಪೇರಿ ಮಾಡುತ್ತಿದ್ದ ಆಚಾರಿಯವರೇ, ನೀವು "ಇದೆಂತ ಮಾರಾಯ್ರೆ, ವೀಣೆಯಾ?" ಅಂತ ನಕ್ಕು, ಕಸದ ರಾಶಿಯಿಂದ ತೆಳು ಚೂರುಗಳನ್ನು ಹೆಕ್ಕಿದಿರಿ. ಒಂದೊಂದನ್ನೂ ಸೀಳಿಗೆ ಇಟ್ಟು ನೋಡಿ, ಬಿಗಿಯಾದರೆ ಉಜ್ಜಿದಿರಿ. ಬೆರಳಿಡುವ ಬೋರ್ಡಿನ ಉಬ್ಬು ಹಾಳಾಗಬಾರದು ಅಂತ ನಾನು ಹೇಳುವ ಮೊದಲೇ ಬೆರಳಿಂದ ಸವರಿ ನಿಮಗೆ ಗೊತ್ತಾಗಿತ್ತು! ಬಿಳಿ ಮರದ ಚೂರುಗಳಿಂದ ಗೆರೆಗಳೂ ಕಾಣುತ್ತವೆ. ಫ್ರೆಟ್ ಇಲ್ಲದ್ದರಿಂದ ಈಗ ಬೆರಳು ಸರಿಯಾಗಿ ಗೆರೆಯ ಮೇಲೇ ಇಡಬೇಕು, ಅಭ್ಯಾಸ ನನ್ನ ಪಾಡು.

ದುಡ್ಡು ಕೊಟ್ಟರೆ ಅಂಟಿನ ಖರ್ಚು ಮಾತ್ರ ತಗೊಂಡಿರಿ. ಹೆಸರು ಕೇಳುವಷ್ಟರಲ್ಲಿ ಬಾಗಿಲಿನ ಯಜಮಾನರು ನಿಮ್ಮನ್ನು ಒಳಗೆ ಕರೆದರು. ರಿಸೆಪ್ಶನ್ ಚೆನ್ನಾಗಿ ಆಯಿತು, ಆಚಾರಿಯವರೇ.