ಸ್ಕ್ಯಾನ್ ಮಾಡಿದ ಪುಟಗಳನ್ನು ಕಳಿಸುವ ಮೊದಲು

ಗೆಳೆಯರೇ, ಹಳೆಯ ಪುಸ್ತಕದ ಪುಟಗಳನ್ನು ಒಂದೊಂದೇ ಫೋಟೋ ಆಗಿ ಇಲ್ಲಿ ಹಾಕಬೇಡಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಒತ್ತಕ್ಷರಗಳು ಮಸುಕಾಗುತ್ತವೆ. ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ, ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಸ್ಕ್ಯಾನರ್ ಇದ್ದರೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಇಡಿ. ಮೊಬೈಲ್ ಆದರೆ ಗೂಗಲ್ ಡ್ರೈವ್ ಆಪ್‌ನ ಸ್ಕ್ಯಾನ್ ಸಾಕು. ಜೆಪೆಗ್ (ಫೋಟೋ) ಫೈಲುಗಳು ಆಗಲೇ ಇದ್ದರೆ 001, 002 ಎಂದು ಹೆಸರಿಡಿ. ಸುಮ್ನೆ 1, 2 ಅಂತ ಇಟ್ಟರೆ ಕೆಲವು ಕಡೆ 1ರ ಹಿಂದೆಯೇ 10 ಬಂದು ಕೂರುತ್ತದೆ. ಅದನ್ನು ಸರಿಮಾಡುವಷ್ಟರಲ್ಲಿ ನನಗೆ ಒಂದು ಸಂಜೆ ಹೋಗಿದೆ.

ಇಷ್ಟಾದರೂ ಅದು ಚಿತ್ರವೇ ಅಲ್ವಾ? ಪದ ಹುಡುಕಲು ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡ ಪಠ್ಯ ಬರುತ್ತದೆ. ಉಚಿತ ತಂತ್ರಾಂಶ ಟೆಸೆರಾಕ್ಟ್ ಕೂಡ ಕನ್ನಡ ಓದುತ್ತದೆ. ಆದರೆ ಮೂಲದ ಜೊತೆ ಹೋಲಿಸಿ ನೋಡಲೇಬೇಕು. ಪ, ಷ ಅದಲುಬದಲಾಗುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಪದ ಸಿಗುವುದಿಲ್ಲ.

ಲೇಖಕರು ತೀರಿಕೊಂಡು 60 ವರ್ಷ ಕಳೆಯದ ಪುಸ್ತಕಗಳನ್ನು ಅನುಮತಿ ಇಲ್ಲದೆ ಹಂಚಬೇಡಿ.