ಸೈಲೆನ್ಸರ್ ಬದಲಿಸುವ ಮುಂಚೆ ಒಮ್ಮೆ ಬಗ್ಗಿ ನೋಡಿ

ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಯಾವಾಗಲೂ ಹೊಸ ಕಾರುಗಳದ್ದೇ ಸುದ್ದಿ. 11 ವರ್ಷದ ಕಾರು ಇಟ್ಟುಕೊಂಡವರ ಪಾಡೂ ಸ್ವಲ್ಪ ಬರಲಿ ಅಂತ ಈ ಪತ್ರ.

ನಮ್ಮ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಟಕಟಕ ಅನ್ನುತ್ತಿತ್ತು. ಐದು ನಿಮಿಷ ಓಡಿದರೆ ಸದ್ದು ಅಡಗುತ್ತಿತ್ತು. ಗ್ಯಾರೇಜಿನವರು ಕೆಳಗೆ ಬಗ್ಗಿಯೂ ನೋಡದೆ, ‘ಸೈಲೆನ್ಸರ್ ಹೋಗಿದೆ, ಪೂರ್ತಿ ಸೆಟ್ ಹಾಕಿಬಿಡೋಣ’ ಅಂದರು. ಸೈಲೆನ್ಸರ್ ತೂತಾಗಿದ್ದರೆ ಬಿಸಿಯಾದ ಮೇಲೂ ಗುಡುಗಬೇಕಲ್ವಾ? ಕಬ್ಬಿಣ ಕಾದು ಹಿಗ್ಗಿದಾಗ ಎಲ್ಲೋ ಒಂದು ಸಂದು ಮುಚ್ಚಿಕೊಳ್ಳುತ್ತಿರಬೇಕು ಅನ್ನಿಸಿತು. ‘ಆಮೇಲೆ ತರ್ತೀನಿ’ ಅಂತ ಹೇಳಿ ಮನೆಗೆ ಬಂದೆ.

ಮರುದಿನ ಎಂಜಿನ್ ತಣ್ಣಗಿರುವಾಗಲೇ ಕೆಲಸ ಶುರು. ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾರೂ ನುಗ್ಗಬೇಡಿ. ಸ್ಟ್ಯಾಂಡ್ ನನ್ನ ಹತ್ತಿರ ಇರಲಿಲ್ಲ, ಪಕ್ಕದ ಮನೆಯವರನ್ನು ಕೇಳಿ ತಂದೆ. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಕಡೆಗೆ ಪೈಪ್ ಸಿಕ್ಕಿಸಿ, ಬಟ್ಟೆ ಸುತ್ತಿ, ಹೊಗೆ ಕೊಳವೆಯ ಬಾಯಿಗೆ ತುರುಕಿದೆ. ಮಗಳು ಸ್ವಿಚ್ ಹಾಕಿದಳು. ನಾನು ಸೋಪಿನ ನೀರು ಹೊಡೆಯುತ್ತಾ ಹಿಂದಿನಿಂದ ಮುಂದಕ್ಕೆ ಹೋದೆ.

ಮೊದಲ ಗುಳ್ಳೆ ಬಂದಿದ್ದು ಸೈಲೆನ್ಸರ್ ತಳದಲ್ಲೇ! ಗ್ಯಾರೇಜಿನವರು ಹೇಳಿದ್ದೇ ಸರಿ ಅಂತ ಮುಖ ಸಣ್ಣದಾಯಿತು. ಒರೆಸಿ ನೋಡಿದರೆ ದುಂಡನೆಯ, ಅಂಚು ನುಣುಪಾದ ಸಣ್ಣ ತೂತು. ತುಕ್ಕು ತಿಂದ ತೂತು ಹಾಗಿರಲ್ಲ. ಅದು ನೀರು ಸೋರಿಹೋಗಲಿ ಅಂತ ಕಂಪನಿಯವರೇ ಬಿಟ್ಟಿದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೇ ಹುಟ್ಟುತ್ತದೆ. ದಿನಾ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅದು ಆವಿಯಾಗಿ ಹೋಗದೆ ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ಆ ತೂತನ್ನು ಪೇಸ್ಟ್ ಹಾಕಿ ಮುಚ್ಚುವುದರಲ್ಲಿದ್ದೆ ನಾನು.

ನಿಜವಾದ ಸೋರಿಕೆ ಇದ್ದಿದ್ದು ಮುಂದೆ, ಎಂಜಿನ್‌ನಿಂದ ಇಳಿದು ಬರುವ ಪೈಪಿನ ಜೋಡಣೆಯಲ್ಲಿ. ಬೆರಳಗಲದ ಕಪ್ಪು ಮಸಿ, ಅದರ ಸುತ್ತ ಬುಳುಬುಳು ನೊರೆ. ಅಲ್ಲಿ ಸಂದು ಮುಚ್ಚಲು ನಡುವೆ ಇಡುವ ಬಿಲ್ಲೆ, ಅಂದರೆ ಗ್ಯಾಸ್ಕೆಟ್, ಒಂದು ಕಡೆ ಸುಟ್ಟು ಹೋಗಿತ್ತು. ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆ. ಆದರೂ ಒಂದು ಮುರಿಯಿತು, ಬಯ್ದುಕೊಂಡು ಡ್ರಿಲ್ ಮಾಡಿ ತೆಗೆದೆ. ಎರಡೂ ಮುಖಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು ಹಾಕಿ, ಒಂದೇ ಕಡೆ ಬಿಗಿಯದೆ ಸ್ವಲ್ಪ ಸ್ವಲ್ಪವಾಗಿ ಎರಡೂ ಕಡೆ ಬಿಗಿದೆ. ಟಕಟಕ ಹೋಯಿತು. ಮೈಲೇಜೂ ಸುಧಾರಿಸಿತು. ಆ ಸಂದಿನಿಂದ ಒಳಗೆ ಎಳೆದುಕೊಂಡ ಗಾಳಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೆ ಮೋಸ ಮಾಡಿ, ಪೆಟ್ರೋಲ್ ಸಾಲದು ಅಂದುಕೊಂಡು ಎಂಜಿನ್ ಸುಮ್ನೆ ಜಾಸ್ತಿ ಪೆಟ್ರೋಲ್ ಕುಡಿಯುತ್ತಿತ್ತು ಅಂತ ಕಾಣುತ್ತದೆ.

ಈಗ ನೆನೆದರೆ ಹೆದರಿಕೆಯಾಗುವುದು ಬೇರೆ ವಿಷಯ. ಮೂರು ವಾರ ಇದೇ ಕಾರಿನಲ್ಲಿ ಗಾಜು ಏರಿಸಿಕೊಂಡು ಓಡಾಡಿದ್ದೇವೆ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಾರಿನಲ್ಲಿ ಕೂತಾಗ ಮಾತ್ರ ತಲೆನೋವು ಬಂದು, ಇಳಿದ ಮೇಲೆ ಹೋದರೆ ಮೊದಲು ಕಾರು ಓಡಿಸುವುದನ್ನು ನಿಲ್ಲಿಸಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿ ಪರೀಕ್ಷೆ ಮಾಡಲೇಬೇಡಿ.

ಎಲ್ಲವೂ ಮನೆಯಲ್ಲಿ ಆಗುವ ಕೆಲಸವಲ್ಲ. ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ, ಅಂದರೆ ಕೆಟಲಿಟಿಕ್ ಕನ್ವರ್ಟರ್ ಒಳಗೆ ಚೂರುಗಳು ಗಲಗಲ ಅಂದರೆ, ವೆಲ್ಡಿಂಗ್ ಬೇಕಾದರೆ, ನಾನೂ ಗ್ಯಾರೇಜಿಗೇ ಹೋಗುತ್ತೇನೆ. ಇನ್ನೊಂದು ಗ್ಯಾರೇಜಿಗೆ, ಅಷ್ಟೇ.

ಒಂದು ಕೋರಿಕೆ. ಹೊಸ ಕಾರಿನ ಡ್ಯಾಶ್‌ಬೋರ್ಡ್ ಫೋಟೋ ಹಾಕುವ ಜಾಗದಲ್ಲಿ ಒಂದು ವಾರ ಕಾರಿನ ಹೊಟ್ಟೆಯ ಚಿತ್ರ ಹಾಕಿ, ಒಂದೊಂದು ಭಾಗಕ್ಕೂ ಬಾಣ ಹಾಕಿ ಹೆಸರು ಬರೆಯಿರಿ. ಆ ಸಣ್ಣ ತೂತನ್ನು ಮರೆಯಬೇಡಿ.

ಇತಿ,
ನಿಮ್ಮ ಹಳೆಯ ಓದುಗ